ಸೀಸೆಯೊಳಗೆ ಬಂದ ರಾಣಿ

ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದಿತೆಂದರೆ ನಮ್ಮ ಗುಡ್ಡಗಳ ಬಣ್ಣವೇ ಬದಲಾಗುತ್ತದೆ. ಬೇಸಗೆಯುದ್ದಕ್ಕೂ ಬರಿಗಾಲನ್ನು ಸುಡುತ್ತಿದ್ದ ಮುರಕಲ್ಲಿನ ಪದವುಗಳು ನೀರುಂಡು ಕಪ್ಪಾಗುತ್ತವೆ. ಕಲ್ಲಿನ ಗುಳಿಗಳಲ್ಲಿ ನೀರು ನಿಂತು ಕಪ್ಪೆಗಳ ಕೂಗು ಏಳುತ್ತದೆ; ಬಿರುಕುಗಳಲ್ಲಿ ಹುಲ್ಲಿನ ಮೊಳಕೆ ತಲೆಯೆತ್ತುತ್ತದೆ. ಕಾಸರಗೋಡಿನ ಈಶಾನ್ಯಕ್ಕೆ, ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಎಣ್ಮಕಜೆಯ ಗುಡ್ಡಗಳನ್ನು ನೋಡಬೇಕಾದರೆ ಇದೇ ಹದವಾದ ಕಾಲ. ನೆಲದೊಳಗಿನ, ಮರದ ಮೇಲಿನ ಇರುವೆಗೂಡುಗಳಿಂದ ರೆಕ್ಕೆಯುಳ್ಳ ರಾಣಿಗಳೂ ಗಂಡುಗಳೂ ಹೊರಬಿದ್ದು ಹಾರುವುದೂ ಬಹುಮಟ್ಟಿಗೆ ಈ ಮೊದಲ ಮಳೆಗಳ ದಿನಗಳಲ್ಲಿಯೇ.

ಶಾಲೆ ತೆರೆದ ಮೊದಲ ವಾರದ ಶನಿವಾರ. ಸಂಜೆ ಮಳೆ ಬಿಟ್ಟ ಹೊತ್ತಿಗೆ ತಮ್ಮನ ಮಗಳು ಒಂದು ಉಪ್ಪಿನಕಾಯಿ ಸೀಸೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಜಗಲಿಗೆ ಬಂದಳು. ಕನ್ನಡ ಶಾಲೆಯ ಐದನೆಯ ತರಗತಿಯ ಹುಡುಗಿ ಅವಳು.

“ದೊಡ್ಡಪ್ಪಾ, ಇದು ಎಂತ ಹುಳು? ಪದವಿನ ಮಾವಿನಮರದ ಬುಡದಲ್ಲಿ ಸಿಕ್ಕಿತು. ಇರುವೆಯ ಹಾಗೆ ಉಂಟು, ಆದರೆ ರೆಕ್ಕೆ ಉಂಟು.”

ಸೀಸೆಯ ತಳದಲ್ಲಿ ಬೆರಳಿನ ಒಂದು ಗೆಣ್ಣಿಗಿಂತ ಕಿರಿದಾದ, ಆದರೆ ದಪ್ಪ ಹೊಟ್ಟೆಯ ಹುಳುವೊಂದು ಗೋಡೆ ಹತ್ತಲು ಹೋಗಿ ಜಾರುತ್ತಿತ್ತು. ನಾಲ್ಕು ರೆಕ್ಕೆಗಳು ಬೆನ್ನಿನ ಮೇಲೆ ಮಡಿಸಿಕೊಂಡಿದ್ದವು. ಅಜ್ಜಿ ಕನ್ನಡಕ ಹಾಕಿ ನೋಡಿ, “ಅದು ಕಣಜ, ಮುಚ್ಚಳ ತೆಗೆಯಬೇಡ” ಎಂದರು. ತೋಟದ ಕೆಲಸ ಮುಗಿಸಿ ಕಾಲು ತೊಳೆಯುತ್ತಿದ್ದವರು, “ಅಲ್ಲ, ಒರಲೆಯ ರೆಕ್ಕೆಹುಳ” ಎಂದರು. ನಾನು ವಿದ್ಯುದ್ದೀಪದ ಹಳದಿ ಬೆಳಕಿಗೆ ಸೀಸೆಯನ್ನು ಎತ್ತಿ ಹಿಡಿದು, ವಯಸ್ಸಿಗೆ ತಕ್ಕ ಗಾಂಭೀರ್ಯದಿಂದ, “ಇದು ಕಟ್ಟಿರುವೆಯ ರಾಣಿ” ಎಂದುಬಿಟ್ಟೆ. ಮೂವರ ಉತ್ತರವೂ ತಪ್ಪಾಗಿತ್ತು. ಆದರೆ ಆ ತಪ್ಪುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದುದರಿಂದಲೇ ಮರುದಿನ ನಾವು ನಮ್ಮದೇ ಗುಡ್ಡವನ್ನು ಹೊಸದಾಗಿ ನೋಡುವಂತಾಯಿತು.

ಮೊದಲು ಒರಲೆಯ ಮಾತು. ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳಗಳಲ್ಲಿ ಬಹಳಷ್ಟು ಒರಲೆಗಳೇ, ಅಂದರೆ ಗೆದ್ದಲುಗಳೇ. ಗೆದ್ದಲು ಇರುವೆಯ ಬಂಧುವಲ್ಲ. ಜಿರಲೆಯ ಬಳಗಕ್ಕೆ ಸೇರಿದ್ದು. ಅದರ ನಾಲ್ಕೂ ರೆಕ್ಕೆಗಳು ಒಂದೇ ಉದ್ದ. ಕುಡಿಮೀಸೆ ಮಣಿ ಪೋಣಿಸಿದಂತೆ ನೇರ. ಎದೆಗೂ ಹೊಟ್ಟೆಗೂ ನಡುವೆ ಸೊಂಟವೆಂಬುದಿಲ್ಲ. ನಮ್ಮ ಸೀಸೆಯ ಹುಳುವಿಗಾದರೋ ಮುಂದಿನ ರೆಕ್ಕೆ ಉದ್ದ, ಹಿಂದಿನದು ಚಿಕ್ಕದು. ಕುಡಿಮೀಸೆ ಮೊಣಕೈಯಂತೆ ಮಡಿಚಿತ್ತು. ಸೊಂಟ ಬಹಳ ತೆಳ್ಳಗಿತ್ತು. ಹೀಗೆ ಒರಲೆ ಬಿಟ್ಟುಹೋಯಿತು.

ಕಣಜಕ್ಕೂ ಸಣ್ಣ ಸೊಂಟವಿದೆ. ಇರುವೆ ಕಣಜಗಳ ಕುಲದಿಂದಲೇ ಬಂದ ಜೀವಿಯಾದುದರಿಂದ ಅಜ್ಜಿಯ ಊಹೆಯಲ್ಲಿ ಅರ್ಧ ಸತ್ಯವಿತ್ತು. ಆದರೆ ಇರುವೆಯ ಸೊಂಟದಲ್ಲಿ ಒಂದೋ ಎರಡೋ ಗಂಟುಗಳು ಪ್ರತ್ಯೇಕವಾಗಿ ಕಾಣುತ್ತವೆ. ಕುಡಿಮೀಸೆಯ ಮೊದಲ ತುಂಡು ಉದ್ದನೆಯ ಕೋಲಿನಂತಿದ್ದು ಅಲ್ಲಿಂದ ಮುಂದಕ್ಕೆ ಬಾಗುತ್ತದೆ. ಇವೆರಡೂ ಇದ್ದುದರಿಂದ ಇರುವೆಯೇ ಎಂದು ತೀರ್ಮಾನವಾಯಿತು.

ಇರುವೆಯಾದರೆ ರಾಣಿಯೇ ಏಕೆ, ಗಂಡು ಏಕಾಗಬಾರದು? ಹುಡುಗಿಯ ಪ್ರಶ್ನೆ ಸರಿಯಾದದ್ದೇ. ಗಂಡಿಗೂ ರೆಕ್ಕೆಯಿರುತ್ತದೆ. ಆದರೆ ಗಂಡಿನ ತಲೆ ಪುಟ್ಟದು, ಮೈ ಸಪೂರ. ಕೂಡಿದ ಬಳಿಕ ಅದು ಹೆಚ್ಚು ಕಾಲ ಬದುಕುವುದಿಲ್ಲ. ರಾಣಿಯ ಎದೆಭಾಗ ಗುಡ್ಡದಂತೆ ಉಬ್ಬಿರುತ್ತದೆ, ಏಕೆಂದರೆ ಹಾರುವ ಸ್ನಾಯುಗಳೆಲ್ಲ ಅಲ್ಲಿ ತುಂಬಿರುತ್ತವೆ. ಹೊಟ್ಟೆಯೂ ದೊಡ್ಡದು. ಭೂತಗನ್ನಡಿಯಲ್ಲಿ ನೋಡಿದರೆ ಎರಡು ದೊಡ್ಡ ಕಣ್ಣುಗಳ ನಡುವೆ, ನೆತ್ತಿಯ ಮೇಲೆ, ಸಾಸಿವೆಯ ತುಣುಕುಗಳಂತೆ ಮೂರು ಸರಳಗಣ್ಣುಗಳು ಕಾಣುತ್ತವೆ. ಈ ಲಕ್ಷಣಗಳೆಲ್ಲ ನಮ್ಮ ಅತಿಥಿಗಿದ್ದವು. ಸೀಸೆಯ ಬಾಯಿಗೆ ತೂತುಗಳ ಕಾಗದ ಕಟ್ಟಿ, ಒಳಗೆ ಒದ್ದೆಮಾಡಿದ ಒಂದು ಚೂರು ಹತ್ತಿಯಿಟ್ಟು, ಕತ್ತಲೆಯ ಮೂಲೆಯಲ್ಲಿ ಇರಿಸಿ ನಾವು ಮಲಗಿದೆವು.

ಬೆಳಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. ರಾಣಿಯ ಮೈಮೇಲೆ ರೆಕ್ಕೆಗಳಿರಲಿಲ್ಲ. ನಾಲ್ಕೂ ಸೀಸೆಯ ತಳದಲ್ಲಿ ಬಿದ್ದಿದ್ದವು. “ನಾನು ಹಿಡಿದದ್ದಕ್ಕೆ ಮುರಿದುಹೋಯಿತಾ?” ಎಂದು ಕೇಳುವಾಗ ಅವಳ ಕಣ್ಣು ತುಂಬಿತ್ತು. ಮುರಿದುದಲ್ಲ, ಅವಳೇ ಉದುರಿಸಿಕೊಂಡದ್ದು ಎಂದು ಹೇಳಿದೆ. ಕೂಡಿ ಮುಗಿದ ರಾಣಿಗೆ ಸಾಮಾನ್ಯವಾಗಿ ಇನ್ನು ಹಾರುವ ಕೆಲಸವಿಲ್ಲ. ಕಾಲುಗಳಿಂದ ಒತ್ತಿ ರೆಕ್ಕೆಗಳನ್ನು ಕಳಚುತ್ತಾಳೆ. ಆಮೇಲೆ ಹಾರಲು ಬೆಳೆಸಿಕೊಂಡ ಸ್ನಾಯುಗಳನ್ನೇ ದೇಹ ಕರಗಿಸಿಕೊಳ್ಳುತ್ತದೆ. ಆ ಸಾರದಿಂದ ಮೊದಲ ಮರಿಗಳಿಗೆ ಉಣಿಸು. ಅನೇಕ ಜಾತಿಗಳಲ್ಲಿ ಮೊದಲ ಕೆಲಸಗಾರ್ತಿಯರು ಹುಟ್ಟಿಬರುವವರೆಗೆ ತಾಯಿ ಏನನ್ನೂ ತಿನ್ನುವುದಿಲ್ಲ. ಹಾಗಾದರೆ ಸೀಸೆಯಲ್ಲಿ ಕಳೆಯುವ ಒಂದೊಂದು ದಿನವೂ ಅವಳ ಬುತ್ತಿಯಿಂದಲೇ ಖರ್ಚಾಗುತ್ತದೆ. ಸೋಮವಾರ ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಬೇಕೆಂದಿದ್ದ ಹುಡುಗಿ ಸುಮ್ಮನಾದಳು.

ಹಗಲ ಬೆಳಕಿನಲ್ಲಿ ಇನ್ನೊಂದು ಸಂಗತಿ ತಿಳಿಯಿತು. ದೀಪದಡಿಯಲ್ಲಿ ಕಪ್ಪೆಂದು ಕಂಡಿದ್ದ ಮೈ ಕಪ್ಪಾಗಿರಲಿಲ್ಲ. ಎದೆಯೂ ಹೊಟ್ಟೆಯೂ ಎಳೆಯ ಮಾವಿನಕಾಯಿಯ ಸಿಪ್ಪೆಯಂತೆ ಹಸಿರು, ಅಲ್ಲಲ್ಲಿ ಕಂದು. ಕಟ್ಟಿರುವೆಯ ರಾಣಿ ಹಸಿರಾಗಿರುವುದಿಲ್ಲ. ನನ್ನ ಉತ್ತರವನ್ನು ನಾನೇ ಹಿಂದಕ್ಕೆ ಪಡೆದೆ. ಸಿಕ್ಕಿದ ಜಾಗವನ್ನು ನೋಡದೆ ಹೆಸರು ಹೇಳಲು ಹೊರಟದ್ದು ನನ್ನ ದೊಡ್ಡ ತಪ್ಪು ಎಂದು ಒಪ್ಪಿಕೊಂಡು, ಸೀಸೆಯನ್ನು ಬಟ್ಟೆಚೀಲದಲ್ಲಿಟ್ಟು ಇಬ್ಬರೂ ಪದವಿಗೆ ಹೊರಟೆವು.

ನಮ್ಮ ಮನೆಯಿಂದ ಪದವಿಗೆ ಅರ್ಧ ಗಂಟೆಯ ದಾರಿ. ಮೊದಲು ಅಡಿಕೆ ತೋಟ, ಬಳಿಕ ಸುರಂಗದ ಬಾಯಿ, ಆಮೇಲೆ ಗೇರುಮರಗಳ ಇಳಿಜಾರು, ಕೊನೆಗೆ ಬಯಲಾದ ಮುರಕಲ್ಲು. ಹೊರಗಿನವರಿಗೆ ಸುರಂಗವೆಂದರೆ ರೈಲು ನೆನಪಾದೀತು. ನಮಗೆ ಅದು ನೀರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಾಗಿ ನಡೆಯುವಷ್ಟು ಕೊರೆದ ಬಿಲ. ಅದರ ಕೊನೆಯಲ್ಲಿ ಜಿನುಗಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದುಬರುತ್ತದೆ.

ಸುರಂಗದ ಪಕ್ಕದ ತರಗೆಲೆಗಳ ನಡುವೆ ಒಂದು ಕಂದು ಇರುವೆ ಚಂಗನೆ ನೆಗೆಯಿತು. ಇಕ್ಕುಳದಂತೆ ಮೇಲಕ್ಕೆ ಬಾಗಿದ ಉದ್ದನೆಯ ದವಡೆ, ಮುಖದ ಎರಡೂ ಬದಿಗೆ ದೊಡ್ಡ ಕಣ್ಣು. ಇದನ್ನು ಮೊದಲು ವಿವರಿಸಿ ಹೆಸರಿಟ್ಟವನು ಥಾಮಸ್ ಜೆರ್ಡನ್. ಮದರಾಸಿನ ಸೇವೆಯಲ್ಲಿದ್ದ ವೈದ್ಯ. ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ತೆಂಕಣ ತಲಶ್ಶೇರಿಯಲ್ಲಿಯೂ ಕೆಲಸ ಮಾಡಿದವನು. ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಅವನು 1851ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಈ ನೆಗೆಯುವ ಇರುವೆಗೆ ಅವನು ಕೊಟ್ಟ ‘ಸಾಲ್ಟೇಟರ್’ ಎಂಬ ಲ್ಯಾಟಿನ್ ಹೆಸರಿಗೆ ಕುಣಿಯುವವನು, ನೆಗೆಯುವವನು ಎಂದೇ ಅರ್ಥ. ಅಂದು ಕಾಸರಗೋಡು ಮದರಾಸು ಪ್ರಾಂತ್ಯದ ಕೆನರಾ ಜಿಲ್ಲೆಗೆ ಸೇರಿತ್ತು. ಗಡಿಗಳು ಆಮೇಲೆ ಎಷ್ಟೋ ಬದಲಾದುವು. ಇರುವೆಯ ಹೆಸರು ಹಾಗೆಯೇ ಉಳಿಯಿತು.

ಮುಂದೆ ಮುರಕಲ್ಲಿನ ಅಂಚಿನಲ್ಲಿ ಇನ್ನೊಂದು ಕರಿಯ ಇರುವೆ ಒಂಟಿಯಾಗಿ ಓಡಾಡುತ್ತಿತ್ತು. ಭೂತಗನ್ನಡಿಯಲ್ಲಿ ಅದರ ಮೈಮೇಲೆ ಹೆಬ್ಬೆಟ್ಟಿನ ಗುರುತಿನಂತೆ ಸಾಲುಸಾಲು ಗೆರೆಗಳು. “ಇದರ ರಾಣಿ ಹೇಗಿರುತ್ತದೆ?” ಎಂದಳು. ಡಯಕಮ್ಮ ಎಂದು ವಿಜ್ಞಾನಿಗಳು ಕರೆಯುವ ಈ ಇರುವೆಗಳಲ್ಲಿ ಬೇರೆ ರೂಪದ ರಾಣಿಯೆಂಬುದೇ ಇಲ್ಲ. ಕೆಲಸಗಾರ್ತಿಯರಲ್ಲೇ ಒಬ್ಬಳು ಗಂಡಿನೊಡನೆ ಕೂಡಿ ಮೊಟ್ಟೆಯಿಡುತ್ತಾಳೆ. ಎಲ್ಲ ಇರುವೆಗಳಿಗೂ ದೊಡ್ಡ ಮೈಯ ರಾಣಿಯೊಬ್ಬಳು ಇರಲೇಬೇಕೆಂದು ನಾವು ಪುಸ್ತಕ ಓದಿ ನಂಬಿರುತ್ತೇವೆ. ನಮ್ಮ ಕಾಲಡಿಯ ಕಲ್ಲಿನಲ್ಲಿಯೇ ಅದಕ್ಕೆ ಅಪವಾದ ಓಡಾಡುತ್ತಿರುತ್ತದೆ.

ಪದವಿನ ತುದಿಯಲ್ಲಿ ಆ ಕಾಟುಮಾವಿನ ಮರ. ಸಮೀಪಿಸುತ್ತಿದ್ದಂತೆ ಕೊಂಬೆಯಲ್ಲಿ ತೂಗುವ ಎಲೆಯ ಉಂಡೆಗಳು ಕಂಡವು. ಎಲೆಯ ಅಂಚಿಗೆ ಅಂಚು ಸೇರಿಸಿ ಬಿಳಿಯ ನೂಲಿನಿಂದ ಹೊಲಿದ ಗೂಡುಗಳು. ನಮ್ಮ ಅಜ್ಜಿ ಮರದ ಕೆಂಜಿರುವೆ ಎನ್ನುವ, ಮಲೆನಾಡಿನವರು ಚಗಳಿ ಎಂದು ಕರೆದು ಚಟ್ನಿ ಅರೆಯುವ, ಮಲಯಾಳದಲ್ಲಿ ಪುಳಿಯುರುಂಬು, ಅಂದರೆ ಹುಳಿ ಇರುವೆ, ಎನಿಸಿಕೊಳ್ಳುವ ಇರುವೆಯ ಮನೆ ಅದು. ಹುಳಿ ಅದರ ಮೈಯ ಫಾರ್ಮಿಕ್ ಆಮ್ಲದ್ದು. ಅದಕ್ಕೆ ಕೊಂಡಿಯಿಲ್ಲ, ಕಚ್ಚಿದ ಗಾಯಕ್ಕೆ ಹಿಂದಿನಿಂದ ಆಮ್ಲ ಚಿಮುಕಿಸುತ್ತದೆ. ಗೇರುಬೀಜ ಹೆಕ್ಕಿದವರಿಗೆಲ್ಲ ಈ ಉರಿಯ ಪರಿಚಯ ಉಂಟು.

ಗೂಡು ಹೊಲಿಯುವ ನೂಲು ದೊಡ್ಡ ಇರುವೆಗಳದ್ದಲ್ಲ, ಮರಿಗಳದ್ದು. ಒಂದು ಸಾಲು ಇರುವೆಗಳು ಒಂದರ ಸೊಂಟವನ್ನೊಂದು ಹಿಡಿದು ಸರಪಳಿಯಾಗಿ ಎಲೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಇನ್ನು ಕೆಲವು ಮರಿಹುಳಗಳನ್ನು ಬಾಯಲ್ಲಿ ಕಚ್ಚಿ ತಂದು, ಆ ಅಂಚಿನಿಂದ ಈ ಅಂಚಿಗೆ ಮಗ್ಗದ ಲಾಳಿಯಂತೆ ಆಡಿಸುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆಯೇ ನೂಲು. ಒಂದು ಸಂಸಾರಕ್ಕೆ ಹಲವು ಮರಗಳಲ್ಲಿ ಹರಡಿದ ಹತ್ತಾರು ಗೂಡುಗಳಿರಬಹುದು; ಸದಸ್ಯರು ಲಕ್ಷಗಳನ್ನು ದಾಟಬಹುದು.

“ಇವು ಕೆಂಪು, ನಮ್ಮದು ಹಸಿರು” ಎಂದು ಹುಡುಗಿ ತಲೆಯಾಡಿಸಿದಳು. ನನಗೂ ಅದೇ ಅನುಮಾನ. ಆದರೆ ಆಕಾರವನ್ನು ಹೋಲಿಸಿ ನೋಡಿದಾಗ ಬಣ್ಣದ ಮಾತು ಹಿಂದೆ ಸರಿಯಿತು. ಎರಡಕ್ಕೂ ಸೊಂಟದಲ್ಲಿ ಒಂದೇ ಗಂಟು. ಅದೂ ಕಟ್ಟಿರುವೆಯದರಂತೆ ಎದ್ದು ನಿಂತದ್ದಲ್ಲ, ತಗ್ಗಾಗಿ ಉದ್ದಕ್ಕೆ ಚಾಚಿದ್ದು. ಕುಡಿಮೀಸೆಗಳೂ ಕಾಲುಗಳೂ ಮೈಗೆ ಮೀರಿದ ಉದ್ದ. ಕೆಲಸಗಾರ್ತಿ ಒಂದು ಸೆಂಟಿಮೀಟರಿಗಿಂತ ಕಡಿಮೆ. ರಾಣಿ ಸುಮಾರು ಒಂದೂವರೆ.

ಕೊನೆಯ ಸಾಕ್ಷಿಯನ್ನು ಮರವೇ ಕೊಟ್ಟಿತು. ಕೈಗೆಟಕುವ ಕೊಂಬೆಯ ಗೂಡೊಂದರ ಬಾಯಲ್ಲಿ ಕೆಂಪಿರುವೆಗಳ ಗದ್ದಲ. ಅವುಗಳ ನಡುವಿನಿಂದ ನಿಧಾನವಾಗಿ ಒಂದು ಹಸಿರು ಮೈ ಹೊರಬಂತು. ಬೆನ್ನ ಮೇಲೆ ರೆಕ್ಕೆಗಳು. ಅದರ ಹಿಂದೆ ಇನ್ನೊಂದು. ಹಾರುವ ಗಳಿಗೆಗೆ ಕಾಯುತ್ತಿದ್ದ ರಾಣಿಗಳು ಅವು. ಹುಡುಗಿ ಚೀಲದಿಂದ ಸೀಸೆ ತೆಗೆದು ಪಕ್ಕಕ್ಕೆ ಹಿಡಿದಳು. ಬೇರೆ ವಾದವೇ ಬೇಕಿರಲಿಲ್ಲ.

ಈ ಇರುವೆಯ ವಿಜ್ಞಾನದ ಹೆಸರು ಈಕೋಫಿಲ್ಲ ಸ್ಮರಾಗ್ಡಿನ. ಮೊದಲ ಪದಕ್ಕೆ ಎಲೆಮನೆಯೆಂದು ಅರ್ಥ ಹೇಳಬಹುದು. ಎರಡನೆಯದು, 1775ರಲ್ಲಿ ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ ಇಟ್ಟದ್ದು, ‘ಪಚ್ಚೆಯ ಬಣ್ಣದ್ದು’ ಎಂಬ ಅರ್ಥದ ಪದ. ಕೆಂಪಿರುವೆಗೆ ಪಚ್ಚೆಯ ಹೆಸರೇ ಎಂದು ನಾನು ಹಿಂದೊಮ್ಮೆ ನಕ್ಕದ್ದುಂಟು. ಸೀಸೆಯ ರಾಣಿಯನ್ನು ನೋಡಿದ ಮೇಲೆ ಆ ಹೆಸರು ವಿಚಿತ್ರವೆನಿಸಲಿಲ್ಲ. ಮೂಲದಲ್ಲಿ ಗ್ರೀಕಿನ ಸ್ಮರಾಗ್ಡೋಸ್ ಎಂಬ ಶಬ್ದಕ್ಕೂ ನಮ್ಮ ಮರಕತಕ್ಕೂ ನಂಟಿದೆಯೆಂದು ಭಾಷೆಯನ್ನು ಬಲ್ಲವರು ಹೇಳುತ್ತಾರೆ. “ಹಾಗಾದರೆ ಮರಕತದ ಇರುವೆ” ಎಂದಳು ಹುಡುಗಿ. ನಾನು ಅದಕ್ಕಿಂತ ಒಳ್ಳೆಯ ಕನ್ನಡ ಹೆಸರನ್ನು ಇದುವರೆಗೆ ಕೇಳಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಹಿಂದಿರುಗುವ ಮೊದಲು ನಾವು ಮಾವಿನ ಬುಡದ ಕಲ್ಲಿನ ಮೇಲೆ ಕುಳಿತೆವು. ಕೆಳಗೆ ಗೇರುಮರಗಳ ಇಳಿಜಾರು, ಅದರಾಚೆ ಮಂಜಿನಲ್ಲಿ ಇನ್ನೊಂದು ಗುಡ್ಡ. ಗೇರಿನ ಎಳೆಯ ಚಿಗುರಿನ, ಹೂಗೊಂಚಲಿನ, ಮಿಡಿಯ ರಸ ಹೀರಿ ಒಣಗಿಸುವ ಕೀಟವೊಂದಿದೆ. ಟೀ ಸೊಳ್ಳೆ ಎನ್ನುತ್ತಾರೆ, ಆದರೆ ಅದು ಸೊಳ್ಳೆಯಲ್ಲ, ತಿಗಣೆಯ ಬಳಗದ್ದು. ಆ ಕೀಟವನ್ನು ಕೊಲ್ಲಲೆಂದು 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಈ ಸೀಮೆಯ ದೊಡ್ಡ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಾಳಿ ಅದನ್ನು ಅಂಗಳಕ್ಕೂ ತೋಡಿಗೂ ತಂದಿತು. ಸುರಂಗದ ನೀರಿಗೆ ಮುಚ್ಚಳ ಹಾಕುವುದು ಹೇಗೆ? ಆಮೇಲೆ ನಮ್ಮ ಗ್ರಾಮಗಳ ಮನೆಮನೆಗಳಲ್ಲಿ ಏನು ಕಂಡೆವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. ಹಾಸಿಗೆಯಿಂದ ಏಳಲಾರದ ಮಕ್ಕಳನ್ನು ಇಂದಿಗೂ ಎತ್ತಿಕೊಂಡು ಓಡಾಡುವ ತಾಯಂದಿರು ನಮ್ಮ ನೆರೆಯಲ್ಲಿದ್ದಾರೆ.

ಟೀ ಸೊಳ್ಳೆಯನ್ನು ಬೇಟೆಯಾಡುವ, ಚಿಗುರಿನಿಂದ ಓಡಿಸುವ ಜೀವಿಗಳಲ್ಲಿ ಈ ಮರದ ಕೆಂಜಿರುವೆಯೂ ಒಂದು. ಆಸ್ಟ್ರೇಲಿಯಾದ ಉತ್ತರ ಭಾಗದ ಗೇರು ತೋಟಗಳಲ್ಲಿ ಇದೇ ಜಾತಿಯ ಇರುವೆಗಳು ಅಲ್ಲಿನ ಟೀ ಸೊಳ್ಳೆಯನ್ನು ಹತೋಟಿಯಲ್ಲಿಡುವುದನ್ನು ವಿಜ್ಞಾನಿಗಳು ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಇರುವೆಯಿದ್ದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಅದು ಹಿಟ್ಟುತಿಗಣೆಗಳನ್ನು ಸಿಹಿರಸಕ್ಕಾಗಿ ಸಾಕುತ್ತದೆ, ಬೀಜ ಹೆಕ್ಕುವವರನ್ನು ಕಚ್ಚುತ್ತದೆ, ಎಲ್ಲ ಮರಗಳಲ್ಲಿಯೂ ಇರುವುದಿಲ್ಲ. ಆದರೆ ಆಕಾಶದಿಂದ ಬಿದ್ದ ವಿಷಕ್ಕೆ ಕೀಟ ಯಾವುದು, ಕೀಟವನ್ನು ತಿನ್ನುವುದು ಯಾವುದು ಎಂಬ ಗುರುತಿರಲಿಲ್ಲ. ಆ ವರ್ಷಗಳಲ್ಲಿ ನಮಗೂ ಇರಲಿಲ್ಲ. ಗೇರುಮರದ ಕೆಂಜಿರುವೆಯನ್ನು ನಾವು ಕಚ್ಚುವ ಉಪದ್ರವವೆಂದಷ್ಟೇ ತಿಳಿದಿದ್ದೆವು. ಗೂಡು ಕಂಡಲ್ಲಿ ಸೂಟೆ ಹಚ್ಚಿ ಸುಟ್ಟಿದ್ದೆವು. ನಾನೂ ಸುಟ್ಟಿದ್ದೇನೆ.

ಗುರುತಿಸುವುದೆಂದರೆ ಬರಿಯ ಹೆಸರು ಹಚ್ಚುವ ಕೆಲಸವಲ್ಲ ಎಂಬುದು ಅಲ್ಲಿ ಕುಳಿತಾಗ ನನಗೆ ಮನವರಿಕೆಯಾಯಿತು. ಹಿಂದಿನ ಸಂಜೆ ಸೀಸೆಯೊಳಗಿದ್ದುದು ಒಂದು ಅಪರಿಚಿತ ಹುಳು. ಬೆಳಗಾದಾಗ ಅದು ನಮ್ಮ ಗುಡ್ಡದ ನೆರೆಯವಳು. ಅವಳಿಗೊಂದು ಮರವಿತ್ತು, ಮನೆಯಿತ್ತು, ಅವಳಿಂದ ಆಗಬೇಕಾದ ಕೆಲಸವಿತ್ತು.

ಎಲ್ಲಿ ಬಿಡುವುದೆಂಬ ಬಗ್ಗೆ ನಮ್ಮೊಳಗೆ ಚರ್ಚೆ ನಡೆಯಿತು. “ಅಮ್ಮನ ಗೂಡಿಗೇ ಬಿಡುವ” ಎಂದು ಹುಡುಗಿ. ಅದು ಆಗದು. ರೆಕ್ಕೆ ಕಳಚಿದವಳು ತವರಿಗೆ ಸೇರುವುದಿಲ್ಲ; ಬೇರೆ ಸಂಸಾರದವಳೆಂದು ತಿಳಿದರೆ ಕೆಂಪಿರುವೆಗಳು ಅವಳನ್ನು ಕೊಂದೇ ಹಾಕುತ್ತವೆ. ಅವಳಿಗೆ ಬೇಕಾದುದು ಇನ್ನೂ ಯಾರ ಆಳ್ವಿಕೆಗೂ ಸೇರದ ಗಿಡ. ಮಾವಿನಿಂದ ಸಾಕಷ್ಟು ದೂರದಲ್ಲಿ ಕೆಂಪಿರುವೆಯ ಸಾಲು ಇಲ್ಲದ ಎಳೆಯ ಗೇರುಗಿಡವೊಂದನ್ನು ಹುಡುಕಿದೆವು. ಸುರುಳಿಯಾದ ಎಲೆಯ ಮುಂದೆ ಸೀಸೆಯನ್ನು ಮಲಗಿಸಿದೆವು. ರಾಣಿ ಒಂದು ಗಳಿಗೆ ಸೀಸೆಯ ಅಂಚಿನಲ್ಲಿ ನಿಂತು ಕುಡಿಮೀಸೆ ಆಡಿಸಿದಳು. ಅನಂತರ ಎಲೆಯ ಸುರುಳಿಯೊಳಗೆ ನಡೆದುಹೋದಳು. ಎಲ್ಲವೂ ಸರಿಯಾಗಿ ನಡೆದರೆ ಸುಮಾರು ಒಂದು ತಿಂಗಳಲ್ಲಿ ಅವಳ ಮೊದಲ ಮಕ್ಕಳು ಹೊರಬರಬೇಕು.

ಹೆತ್ತವರಲ್ಲಿ ಒಂದು ಮಾತು. ಈ ಮಳೆಗಾಲದಲ್ಲಿ ನಿಮ್ಮ ಮಕ್ಕಳೂ ಇಂಥ ಸೀಸೆ ಹಿಡಿದು ಬಂದಾರು. ಹೊರಗೆ ಎಸೆ ಎನ್ನುವ ಮೊದಲು ಒಮ್ಮೆ ಜತೆಗೆ ಕುಳಿತು ನೋಡಿ. ಕಾಲುಗಳನ್ನು ಎಣಿಸಲಿ: ಆರಿದ್ದರೆ ಕೀಟ, ಎಂಟಿದ್ದರೆ ಜೇಡ, ಈ ಕೆಂಜಿರುವೆಯಂತೆಯೇ ವೇಷ ಹಾಕಿದ ಜೇಡವೂ ಉಂಟು. ಮೀಸೆ, ರೆಕ್ಕೆ, ಸೊಂಟ ನೋಡಲಿ. ಹಗಲಿನಲ್ಲಿ ಬಣ್ಣ ನೋಡಲಿ. ಸಿಕ್ಕಿದ ಜಾಗ, ದಿನ, ಮಳೆ ಬಂದಿತ್ತೇ ಎಂಬುದನ್ನು ಬರೆದಿಡಲಿ. ಒಂದು ರಾತ್ರಿಗಿಂತ ಹೆಚ್ಚು ಇಟ್ಟುಕೊಳ್ಳುವುದು ಬೇಡ. ಮನೆಯ ಹಿರಿಯರು ಆ ಜೀವಿಯನ್ನು ಏನೆಂದು ಕರೆಯುತ್ತಿದ್ದರೆಂದು ಮರೆಯದೆ ಕೇಳಿಸಿ. ಪಾಠಪುಸ್ತಕದ ಹೆಸರನ್ನು ಯಾವಾಗ ಬೇಕಾದರೂ ಕಲಿಯಬಹುದು. ಅಜ್ಜಿಯ ಬಾಯಲ್ಲಿರುವ ಹೆಸರಿಗೆ ಅಷ್ಟು ಕಾಲಾವಕಾಶವಿಲ್ಲ.

ಸೋಮವಾರ ಹುಡುಗಿ ಶಾಲೆಗೆ ಬರಿಯ ಸೀಸೆಯನ್ನೇ ಒಯ್ದಳು. ತಳದಲ್ಲಿ ನಾಲ್ಕು ರೆಕ್ಕೆಗಳಿದ್ದವು, ಎರಡು ಉದ್ದ, ಎರಡು ಗಿಡ್ಡ. ಈಗ ಅವು ಅವಳ ನೋಟುಪುಸ್ತಕದ ಹಾಳೆಯೊಂದರಲ್ಲಿ ಅಂಟಿಕೊಂಡಿವೆ. ಕೆಳಗೆ ಅವಳ ದುಂಡನೆಯ ಅಕ್ಷರಗಳಲ್ಲಿ ಮರದ ಕೆಂಜಿರುವೆ, ಚಗಳಿ, ಪುಳಿಯುರುಂಬು, ಮರಕತದ ಇರುವೆ ಎಂದು ಬರೆದಿದೆ. ಸೀಸೆಯನ್ನು ತೊಳೆದು ಅಜ್ಜಿಗೆ ಹಿಂದಕ್ಕೆ ಕೊಟ್ಟಾಗಿದೆ.